ಚೆಂಡು ಕೊಡುವ ಮುನ್ನ ಹತ್ತು ಎಣಿಸಿ

ರೀ,

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹನ್ನೊಂದಕ್ಕೆ ಬರುತ್ತೇನೆ. ಮೊಮ್ಮಗಳು ಎದ್ದು ತಿಂಡಿ ತಿಂದ ಮೇಲೆ ಆಟ ನಿಮ್ಮ ಪಾಲಿಗೆ.

ಪ್ಲಾಸ್ಟಿಕ್ ಮುಟ್ಟದವಳಿಗೆಂದು ನೀವು ಹೊಲಿದ ಬಟ್ಟೆಯ ಚೆಂಡು ಕಿಟಕಿಯಲ್ಲಿದೆ. ಮೂರು ಸಲ ಉರುಳಿಸಿ, ನಾಲ್ಕನೆಯ ಸಲ ಕೈಯಲ್ಲೇ ಹಿಡಿದುಕೊಳ್ಳಿ. ಮಾತು ಬರದಿದ್ದರೂ ಬೇಕೆಂದು ಕೇಳುವುದನ್ನು ಅವಳು ಕಲಿಯಬೇಕಲ್ಲ. ಕೈ ಚಾಚಲಿ, ನೆಲ ತಟ್ಟಲಿ. ಅಲ್ಲಿಯವರೆಗೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮೊನ್ನೆಯಂತೆ ಮೂರಕ್ಕೇ "ಅಯ್ಯೋ, ತಗೋ ನನ್ ಚಿನ್ನಾ" ಎಂದು ಕೊಟ್ಟುಬಿಡಬೇಡಿ. "ಮಗು ಜಾಣೆ, ಪಾಠ ಬೇಕಾಗಿರೋದು ಅಜ್ಜಂಗೆ" ಎಂದು ಅವಳ ಟೀಚರ್ ನಕ್ಕಿದ್ದು ಮರೆತಿರಾ? ನಲವತ್ತು ವರ್ಷ ಗಿರಾಕಿಗಳನ್ನು "ನಾಳೆ ಬನ್ನಿ" ಎಂದು ಕಾಯಿಸಿದ ದರ್ಜಿ ನೀವು! ಒಂದು ಮಗುವನ್ನು ಹತ್ತು ಎಣಿಸುವಷ್ಟು ಹೊತ್ತು ಕಾಯಿಸಲಾರಿರಾ?

ಇನ್ನೊಂದು ವಿಷಯ. ನಿನ್ನೆ ಮಧ್ಯಾಹ್ನ ನೀವು ಗೊರಕೆ ಹೊಡೆಯುತ್ತಿದ್ದಾಗ ಅವಳು ಚೆಂಡು ತಂದು, ನಿಮ್ಮ ಮಂಚವನ್ನು ಎರಡು ಸಲ ತಟ್ಟಿದಳು. "ಅಜ್ಜಿಗೆ ಕೊಡೇ" ಎಂದೆ, ಕೊಡಲಿಲ್ಲ. ನಿಮ್ಮ ಮುಖವನ್ನೇ ನೋಡುತ್ತ ಕಾದಳು.

ನಾನು ಎಣಿಸಿದೆ. ಐವತ್ತು ದಾಟಿತ್ತು.