ಆಮೆಯ ಗೂಡಿನ ದೀಪ

ಕಾಗವಾಡ

ಚಿ. ಸೌ. ರೂಪಾಲಿಗೆ ನಿನ್ನ ಮಾವನ ಆಶೀರ್ವಾದ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಆಮೆ ಬದುಕಿದೆ. ಆದರೆ ಬೆನ್ನಿನ ಚಿಪ್ಪು ಒಂದು ಕಡೆ ಸುಟ್ಟಿದೆ. ದನದ ಡಾಕ್ಟರು ಮುಲಾಮು ಕೊಟ್ಟಿದ್ದಾರೆ.

ಹೆರಿಗೆಗೆಂದು ನಿಪ್ಪಾಣಿಗೆ ಹೊರಟಾಗ ನೀನು, "ಮಾವಾರ, ದೀಪ ಇದ್ದಲ್ಲೇ ಇರಲ್ರಿ, ಕೆಳಗ ಇಳಿಸಬ್ಯಾಡ್ರಿ," ಅಂದಿದ್ದೆ. ಚಳಿ ಹೆಚ್ಚಾದಾಗ ಪಾಪ ಅನ್ನಿಸಿ, ಆಮೆಗೆ ಇನ್ನಷ್ಟು ಶಾಖ ತಾಗಲೆಂದು ನಾನೇ ದೀಪದ ಸರಪಳಿ ಬಿಚ್ಚಿ, ಸುತಳಿ ದಾರ ಕಟ್ಟಿ ಇಳಿಸಿದೆ. ಬಿಸಿಗೆ ಸುತಳಿ ಸುಟ್ಟು ದೀಪ ಗೂಡಿನ ಹುಲ್ಲಿನ ಮೇಲೆ ಬಿತ್ತು. ಹೊಗೆ ಕಂಡು ಓಡಿಹೋಗಿ ಸ್ವಿಚ್ ಆರಿಸಿ, ಆಮೆಯನ್ನು ಎತ್ತಿಕೊಂಡೆ.

"ಈ ಬೆಕ್ಕ ಕೆಡವಿರಬೇಕ," ಎಂದು ನಿನ್ನ ಅತ್ತೆ ಬೆಕ್ಕನ್ನು ಹೊರಗೆ ಓಡಿಸಿದಳು. ದೀಪ ಇಳಿಸಿದ್ದು ನಾನೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಈ ಪತ್ರ ಮುಗಿಸಿ ಅವಳಿಗೂ ಹೇಳುತ್ತೇನೆ.

ರವಿವಾರ ನಿನ್ನ ಗಂಡ ಅಲ್ಲಿಗೆ ಬರುತ್ತಾನೆ. ಪಿಂಗಾಣಿ ಹೋಲ್ಡರ್, ಬಲ್ಬಿನ ಸುತ್ತ ಹಾಕುವ ತಂತಿಯ ಜಾಳಿಗೆ ಎರಡನ್ನೂ ಕೊಡಿಸಿ ಕಳಿಸು. ದೀಪ ಎಷ್ಟು ಎತ್ತರದಲ್ಲಿರಬೇಕೆಂದೂ ಹೇಳು. ಈ ಸಲ ನೀನು ಹೇಳಿದಂತೆಯೇ ಮಾಡುತ್ತೇನೆ.

ಇಂದು ಆಮೆ ನನ್ನ ಕೈಯಿಂದಲೇ ಮೆಂತೆಪಲ್ಲೆಯ ಎಲೆ ತಿಂದಿತು. ನನ್ನನ್ನು ಕಂಡು ತಲೆ ಒಳಗೆಳೆದುಕೊಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿನ್ನ ಮಾವ,
ತವನಪ್ಪ