ಮೇಲ್ಮನವಿಯ ನಾಲ್ಕನೇ ಕಾರಣ

ಜನವರಿ 9, ಚಾಮರಾಜನಗರ

ಬೆಳಿಗ್ಗೆ ಎರಡು ಜಾಮೀನು ಅರ್ಜಿ. ಎರಡಕ್ಕೂ ಸರ್ಕಾರದ ಪರ ತಕರಾರು ಹಾಕಿದೆ. ಹನ್ನೆರಡಕ್ಕೆ ಕ್ವಾರಿ ಕೇಸು. ಮಂಚಮ್ಮನ ಮುಖ್ಯ ವಿಚಾರಣೆ.

ಹರವೆ ಕಡೆಯ ಕರಿಕಲ್ಲು ಕ್ವಾರಿ. ಸಿಡಿಯದ ಮದ್ದು ಉಳಿದಿದೆ ಅಂತ ಕೂಲಿಯವರು ಇಳಿಯಲು ಒಪ್ಪಿರಲಿಲ್ಲ. ಮಾಲೀಕ ರಾಜಶೇಖರ್ ಬೈದು ಇಳಿಸಿದ. ಮದ್ದು ಸಿಡಿದು ಇಬ್ಬರು ಸತ್ತರು. ಒಬ್ಬ ಕನಕರಾಜು, ಇಪ್ಪತ್ತಾರು ವರ್ಷ. ಅವನ ತಾಯಿ ಮಂಚಮ್ಮ ಊಟ ತಂದು ಅಂಚಿನಲ್ಲಿ ನಿಂತಿದ್ದಳು. ಉಳಿದ ಕೂಲಿಯವರೆಲ್ಲ ಎಲ್ಲೆಲ್ಲಿಗೋ ಹೋಗಿಬಿಟ್ಟರು. ಮಾಲೀಕನ ಮಾತು ಕೇಳಿಸಿಕೊಂಡವಳು ಇವಳೊಬ್ಬಳೇ ಈಗ.

ಕಟಕಟೆ ಹಿಡಿದುಕೊಂಡು ಹೇಳಿದಳು. "ಇಳೀರ್ಲಾ, ನಾನಿವ್ನಿ, ಏನೂ ಆಗಕಿಲ್ಲ ಅಂದ ಸ್ವಾಮಿ. ನನ್ ಮಗ ಮೊದ್ಲು ಇಳುದ."

ಯಾರು ಅಂದದ್ದು ಎಂದು ಜಡ್ಜ್ ಕೇಳಿದರು. ಬೆರಳು ಮಾಡಿ ತೋರಿಸಿದಳು. ರಾಜಶೇಖರ್ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದ.

ಪಾಟೀಸವಾಲಿಗೆ ಅವರ ಕಡೆಯ ವಕೀಲರು ಟೈಮ್ ಕೇಳಿದರು. ಹದಿನಾರು ವರ್ಷದ ನೌಕರಿಯಲ್ಲಿ ಇಷ್ಟು ಗಟ್ಟಿ ಸಾಕ್ಷಿ ಕಂಡಿಲ್ಲ. ಈ ಕೇಸು ಗೆಲ್ಲುತ್ತೇನೆ.

ಜನವರಿ 28

ಭಾನುವಾರ. ಪುಟ್ಟಮಲ್ಲಪ್ಪ ಮನೆಗೆ ಬಂದಿದ್ದರು. ಗುಂಡ್ಲುಪೇಟೆಯಲ್ಲಿ ಪಕ್ಷದ ತಾಲ್ಲೂಕು ಅಧ್ಯಕ್ಷರು. ಬಾಳೆಹಣ್ಣು, ವೀಳ್ಯದೆಲೆ ತಟ್ಟೆಯಲ್ಲಿಟ್ಟುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ.

"ಮೇಡಮ್ಮೋರೆ, ಈ ಸಲ ಗುಂಡ್ಲುಪೇಟೆಗೆ ನೀವೇ ನಿಂತ್ಕಬೇಕು. ನಿಮ್ ತೌರು ಅಲ್ಲೇಯ. ಓದ್ದೋರು, ಕೈ ಬಾಯಿ ಶುದ್ಧ. ಮೇಲಿನೋರು ಒಪ್ಪವ್ರೆ."

ನನ್ನ ಹೆಸರು ಹೇಳಿದ್ದು ಯಾರು ಅಂತ ಕೇಳಿದೆ. ನಕ್ಕರು. "ಜನ ಹೇಳ್ತಾವ್ರೆ."

ದಿಲೀಪ್ ಕಾಫಿ ತಾನೇ ತಂದುಕೊಟ್ಟ. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ. ಅವನು ವ್ಯಾಪಾರ ಮಾಡುವ ಅರಿಶಿನ ಮಂಡಿಯವರೆಲ್ಲ ಆಗಲೇ ಅವನನ್ನು 'ಎಮ್ಮೆಲ್ಲೆ ಯಜಮಾನ್ರು' ಅಂತ ರೇಗಿಸುತ್ತಿದ್ದಾರಂತೆ.

ಕ್ವಾರಿ ಕೇಸು ಮುಗಿಯಲಿ ಅಂದೆ. ನಾಮಪತ್ರ ಹಾಕಬೇಕಾದರೆ ಮೊದಲು ನೌಕರಿ ಬಿಡಬೇಕು, ತಡ ಮಾಡಿದರೆ ಬೇರೆಯವರಿಗೆ ಹೋಗುತ್ತದೆ ಅಂದರು.

ಆಸೆ ಇರಲಿಲ್ಲ ಅಂತ ಬರೆದರೆ ಸುಳ್ಳು. ಇತ್ತು. ನನ್ನ ಕೈಕೆಳಗೆ ಕಲಿತವರು ಜಡ್ಜ್ ಆದರು. ನಾನು ಅದೇ ಮೇಜು, ಅದೇ ಕೆಂಪು ದಾರದ ಫೈಲು.

ಫೆಬ್ರವರಿ 6

ರಾಜೀನಾಮೆ ಕೊಟ್ಟೆ. ನನ್ನ ಜಾಗಕ್ಕೆ ಬಸವಪ್ರಸಾದ್. ಒಳ್ಳೆಯ ಹುಡುಗ, ಆದರೆ ದನಿ ಏರಿಸಿದವರ ಮುಂದೆ ಮೆತ್ತಗಾಗುತ್ತಾನೆ. ಕ್ವಾರಿ ಫೈಲು ಅವನ ಕೈಗಿಟ್ಟು ಒಂದು ಗಂಟೆ ವಿವರಿಸಿದೆ.

ಗೇಟಿನಲ್ಲಿ ಮಂಚಮ್ಮ. ಯಾರು ಹೇಳಿದರೋ.

"ಕೆಲ್ಸ ಬುಟ್ಬುಟ್ರಂತೆ?"

"ಇನ್ನೂ ದೊಡ್ಡ ಕೆಲಸಕ್ಕೆ ಹೋಗ್ತಿದ್ದೀನಿ ಮಂಚಮ್ಮ. ಅಲ್ಲಿಂದ ನಿನಗೆ ಇನ್ನೂ ಚೆನ್ನಾಗಿ ನ್ಯಾಯ ಕೊಡಿಸಬಹುದು."

ತಲೆ ಆಡಿಸಿದಳು. ಹೇಳುವಾಗ ನಾನೂ ಅದನ್ನು ನಂಬಿದ್ದೆ.

ಏಪ್ರಿಲ್ 3, ಗುಂಡ್ಲುಪೇಟೆ

ಎರಡು ತಿಂಗಳು ಒಂದಕ್ಷರ ಬರೆದಿಲ್ಲ. ನಾಮಪತ್ರ ಹಾಕಿದ್ದಾಯಿತು. ತೆರಕಣಾಂಬಿ, ಬೇಗೂರು, ಹಂಗಳ — ಎಲ್ಲಿ ಏನು ಮಾತಾಡಿದೆನೋ ಒಂದೂ ನೆನಪಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ತೆರೆದ ಜೀಪು ನಿಂತಿರುತ್ತದೆ. ಹತ್ತಿಸುತ್ತಾರೆ, ಇಳಿಸುತ್ತಾರೆ. ಸೀರೆ ಬಣ್ಣ ಕೂಡ ಪುಟ್ಟಮಲ್ಲಪ್ಪ ಹೇಳುತ್ತಾರೆ.

ಏಪ್ರಿಲ್ 8, ಸಂಜೆ 5

ಹೆಸರು ವಾಪಸು ತೆಗೆದುಕೊಳ್ಳುವ ಗಡುವು ಮೂರು ಗಂಟೆಗೆ ಮುಗಿಯಿತು. ನಾಲ್ಕಕ್ಕೆ ಪಕ್ಷದ ಕಚೇರಿಗೆ ಹೋದೆ. ನನ್ನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ರಾಜಶೇಖರ್.

ಎದ್ದು ಕೈಮುಗಿದ. "ಬನ್ನಿ ಅಕ್ಕಾ. ಜೀಪು ಸರಿಯಾಗೈತಾ? ಡ್ರೈವರ್ ಏನಾರ ಕಿರಿಕ್ ಮಾಡುದ್ರೆ ಹೇಳಿ, ನಮ್ಮ ಹಳೇ ಮನುಷ್ಯ ಅವ್ನು."

ಎರಡು ತಿಂಗಳಿಂದ ಅವನ ಜೀಪಿನಲ್ಲೇ ಓಡಾಡುತ್ತಿದ್ದೆ.

ಪುಟ್ಟಮಲ್ಲಪ್ಪನವರನ್ನು ಒಳಗೆ ಕರೆದು ಕೇಳಿದೆ — ನನ್ನ ಹೆಸರು ಹೇಳಿದ್ದು ಇವನೇನಾ?

"ಅವ್ರು ಹೇಳುದ್ರೂ ನಾವು ಒಪ್ಪುದ್ವಲ್ಲ ಮೇಡಮ್ಮೋರೆ. ನೀವು ಯೋಗ್ಯರು ಅಂತ್ಲೇ ತಾನೆ?"

"ನಾನು ಬಿಡುತ್ತೇನೆ."

"ಎಲ್ ಬುಡ್ತೀರಿ? ಓಟಿನ ಯಂತ್ರದಲ್ಲಿ ನಿಮ್ ಹೆಸರು ಕೂತಾಯ್ತು."

ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದರು. ಕಾನೂನು ಓದಿದವಳು ನಾನು. ಅವರು ಹೇಳಿದ್ದು ಸರಿ.

ಏಪ್ರಿಲ್ 9

ದಿಲೀಪನಿಗೆ ಗೊತ್ತಿತ್ತು. ಮೊದಲಿಂದಲೂ.

"ಗೊತ್ತಾಗಿದ್ರೆ ನೀನು ಒಪ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ. ಗೆದ್ದ ಮೇಲೆ ಅವನನ್ನ ದೂರ ಇಡು. ಯಾರು ಬೇಡ ಅಂದ್ರು?"

ಬೆಳಗಿನ ತಿಂಡಿ ಬಿಟ್ಟು ಎದ್ದೆ. ಎಲ್ಲಿಗೆ ಹೋಗುವುದು? ಬಾಗಿಲಲ್ಲಿ ಅದೇ ಜೀಪು. ಹತ್ತಿದೆ.

ಏಪ್ರಿಲ್ 14, ಹರವೆ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಾಳೆ ಮಾರ್ಪಡಿಸಿ ನೆನಪಿಟ್ಟುಕೊಳ್ಳುತ್ತೇನೆ.

ವೇದಿಕೆಯಲ್ಲಿ ರಾಜಶೇಖರ್ ನನ್ನ ಬಲಕ್ಕೆ. ಹಾರ ಒಂದೇ ತಂದಿದ್ದರು, ಉದ್ದದ್ದು. ಇಬ್ಬರ ಕೊರಳಿಗೂ ಸೇರಿಸಿ ಹಾಕಿದರು. ಕೈ ಎತ್ತಿ ತೆಗೆಯಬಹುದಿತ್ತು. ಫೋಟೋದವರು ಎದುರಿಗಿದ್ದರು. ನಕ್ಕೆ.

ಇಳಿದಾಗ ಹೆಂಗಸರ ಗುಂಪಿನಲ್ಲಿ ಮಂಚಮ್ಮ. ಮುಂದೆ ಬಂದು ಮೆಲ್ಲಗೆ ಕೇಳಿದಳು. "ಅವ್ವಾ, ಬರೋ ವಾರ ಕೋರ್ಟು. ಅವ್ರ ಲಾಯ್ರು ಕೇಳ್ತಾರಂತೆ. ಈಗ ನಾ ಏನಂತ ಹೇಳ್ಲಿ?"

'ಈಗ' ಅಂದಳು. ಆ ಒಂದು ಮಾತು.

ನೀನು ಕಂಡದ್ದನ್ನೇ ಹೇಳು — ಮೂರು ಪದ. ಹದಿನಾರು ವರ್ಷ ಎಷ್ಟು ಜನ ಸಾಕ್ಷಿಗಳಿಗೆ ಹೇಳಿದ್ದೇನೆ. ರಾಜಶೇಖರ್ ಮೂರಡಿ ದೂರದಲ್ಲಿ ಯಾರದೋ ಮಗು ಎತ್ತಿಕೊಂಡು ನಿಂತಿದ್ದ, ಕಿವಿ ನಮ್ಮ ಕಡೆ. ಪುಟ್ಟಮಲ್ಲಪ್ಪ ಮೊಣಕೈ ಹಿಡಿದರು.

"ಆಮೇಲೆ ಮಾತಾಡೋಣ ಮಂಚಮ್ಮ" ಅಂದೆ.

"ಆಯ್ತು ಬುಡಿ" ಅಂದಳು.

ಏಪ್ರಿಲ್ 22

ಬೆಳಿಗ್ಗೆ ಎರಡು ಸಲ ಬಸವಪ್ರಸಾದನಿಗೆ ಫೋನ್ ಮಾಡಿ, ಅವನು ಎತ್ತುವ ಮೊದಲೇ ಇಟ್ಟೆ. ಮಧ್ಯಾಹ್ನ ಅವನೇ ಮಾಡಿದ.

"ಮೇಡಂ, ಮಂಚಮ್ಮ ತಿರುಗಿಬಿಟ್ಟಳು. ಯಾರು ಇಳೀರಿ ಅಂದ್ರೋ ಗ್ಯಾನ ಇಲ್ಲ ಸ್ವಾಮಿ ಅಂದಳು. ಮೂರು ಸಲ ಕೇಳಿದೆ. ಮೂರು ಸಲವೂ ಅದೇ."

"ಹೆದರಿಸಿದ್ರಾ?"

"ಹೊರಗೆ ನಾನೂ ಅದನ್ನೇ ಕೇಳಿದೆ ಮೇಡಂ. 'ಯಾರೂ ಹೆದ್ರುಸ್ನಿಲ್ಲ, ನಮ್ ಅವ್ವಾರೇ ಅತ್ಲಾಗ್ ಹೋದ್ಮೇಲೆ ನಾ ಒಬ್ಳು ನಿಂತು ಏನ್ ಮಾಡ್ಲಿ' ಅಂದಳು."

ಮೂರು ಗಂಟೆಗೆ ಕಗ್ಗಳದಲ್ಲಿ ಸಭೆ. ಹೋದೆ. ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು.

ಮೇ 4

ಗೆದ್ದೆ.

ಜುಲೈ 11, ಬೆಂಗಳೂರು

ತೀರ್ಪು ಬಂತು. ಬಿಡುಗಡೆ. ಸಂಶಯದ ಲಾಭ. ನಾನು ಬೆಂಗಳೂರಿನಲ್ಲಿ ಅಧಿವೇಶನದಲ್ಲಿದ್ದೆ. ಟಿವಿಯಲ್ಲಿ ರಾಜಶೇಖರ್ ಪಟಾಕಿ ಹೊಡೆಸುತ್ತಿದ್ದ, ಹಿಂದೆ ನನ್ನ ಫೋಟೋ ಇದ್ದ ಫ್ಲೆಕ್ಸು.

ಸರ್ಕಾರ ಮೇಲ್ಮನವಿ ಹಾಕಬಹುದು. ಸಂಬಂಧಪಟ್ಟವರನ್ನು ಕಂಡು ಕೇಳಿದೆ. "ನಿಮ್ಮದೇ ಮನುಷ್ಯ ಅಲ್ವಾ ಮೇಡಂ?" ಅಂದರು. ತಮಾಷೆಗಲ್ಲ, ನಿಜವಾಗಿಯೇ ಆಶ್ಚರ್ಯಪಟ್ಟರು.

ಆಗಸ್ಟ್ 2, ಗುಂಡ್ಲುಪೇಟೆ, ಬೆಳಿಗ್ಗೆ 9

ಅರ್ಜಿ ಹಿಡಿದವರ ಸಾಲು. ಬೀದಿ ದೀಪ, ವರ್ಗಾವಣೆ, ಪಿಂಚಣಿ. ಸಾಲಿನಲ್ಲಿ ಹನ್ನೊಂದನೆಯವಳು ಮಂಚಮ್ಮ. ಕೈಯಲ್ಲಿ ಅರ್ಜಿ ಇಲ್ಲ.

ಏನು ಬೇಕು ಎಂದು ಕೇಳಿದೆ.

"ಏನೂ ಬ್ಯಾಡ. ನಾ ಸುಳ್ಳೇಳ್ದಿ, ಅದ ಹೇಳನ ಅಂತ ಬಂದಿ. ನಂಗೆ ಗ್ಯಾನ ಅದೆ. ಎಲ್ಲಾ ಅದೆ. ಆ ಕೋರ್ಟ್ನೋರ್ಗೆ ಯಾರ್ಗ್ ಹೇಳ್ಬೇಕೋ ತಿಳೀದು. ನಿಮ್ಗೆ ಹೇಳ್ತಾವ್ನಿ."

ಪಿ.ಎ. ಮುಂದಿನವರನ್ನು ಕರೆದ. ರಾಜಶೇಖರನೇ ಇಟ್ಟ ಪಿ.ಎ. ಮಂಚಮ್ಮನಿಗೆ ಹಿತ್ತಲ ಬಾಗಿಲಲ್ಲಿ ಕೂತಿರು ಅಂದೆ.

11.30

ಕೋಣೆಯ ಬಾಗಿಲು ಹಾಕಿಕೊಂಡಿದ್ದೇನೆ. ಸರ್ಕಾರ ಹಾಕದಿದ್ದರೆ ಬೇಡ, ಸತ್ತವನ ತಾಯಿಯೇ ಹೈಕೋರ್ಟಿಗೆ ಹೋಗಬಹುದು. ಕಾನೂನಿನಲ್ಲಿದೆ. ನನಗೆ ಇಷ್ಟು ದಿನ ಗೊತ್ತಿತ್ತು. ಗೊತ್ತಿಲ್ಲದವಳ ಹಾಗಿದ್ದೆ.

ಬೆಂಗಳೂರಿನಲ್ಲಿ ನನ್ನ ಜೊತೆ ಓದಿದ ವಕೀಲೆಗೆ ಈಗಷ್ಟೇ ಫೋನ್ ಮಾಡಿದೆ. ತಾನು ಹಾಕುತ್ತೇನೆ ಅಂದಳು. ಆದರೆ ಒಂದು ಮಾತು ಕೇಳಿದಳು. "ಸಾಕ್ಷಿ ಯಾಕೆ ತಿರುಗಿದಳು? ಅದನ್ನ ಬರೆಯದೆ ಈ ಅಪೀಲು ನಿಲ್ಲಲ್ಲ ಶಶಿ. ಬರೀತೀಯಾ?"

ಬರೆದರೆ ಪಕ್ಷದವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ದಿಲೀಪ್ ಏನನ್ನುತ್ತಾನೋ. ನಾಳೆ ಪೇಪರಿನಲ್ಲಿ ಆ ಹಾರದ ಫೋಟೋ ಮತ್ತೆ ಬರುತ್ತದೆ, ಬೇರೆ ತಲೆಬರಹದಲ್ಲಿ.

ಪುಟ್ಟಮಲ್ಲಪ್ಪ ಬಂದಿದ್ದಾರೆ, ಹೊರಗೆ ದನಿ ಕೇಳುತ್ತಿದೆ. ಬಾಗಿಲು ತಟ್ಟುತ್ತಿದ್ದಾರೆ. "ಮೇಡಮ್ಮೋರೆ, ರಾಜಶೇಖರಪ್ಪೋರು ಕಾಯ್ತಾವ್ರೆ."

ಕಾಯಲಿ.

ಕರಡು ಇಲ್ಲೇ ಬರೆಯುತ್ತೇನೆ. ಮೊದಲ ಮೂರು ಕಾರಣ ಸುಲಭ — ಮುಖ್ಯ ವಿಚಾರಣೆಯ ಹೇಳಿಕೆ, ವೈದ್ಯರ ವರದಿ, ಸ್ಥಳ ಮಹಜರು. ಆಮೇಲೆ ತುಂಬಿಸಬಹುದು. ಉಳಿದದ್ದು ಇದು.

ನಾಲ್ಕನೇ ಕಾರಣ: ಈ ಪ್ರಕರಣವನ್ನು ಮೊದಲು ನಡೆಸಿದ ಸರ್ಕಾರಿ ಅಭಿಯೋಜಕಿ ಶಶಿರೇಖಾ ಎಂಬುವರು, ಪಾಟೀಸವಾಲಿಗೆ ಎಂಟು ದಿನ ಮುಂಚೆ, ಹರವೆಯಲ್ಲಿ, ಈ ಸಾಕ್ಷಿಯ ಕಣ್ಣೆದುರಿಗೇ, ಆರೋಪಿಯ ಜೊತೆ ಒಂದೇ ಹಾರಕ್ಕೆ ಕೊರಳೊಡ್ಡಿ ನಕ್ಕರು; ಏನು ಹೇಳಲಿ ಎಂದು ಸಾಕ್ಷಿ ಕೇಳಿದಾಗ, ಕಂಡದ್ದನ್ನೇ ಹೇಳು ಎನ್ನಲಿಲ್ಲ.