ಯಾಕಮ್ಮನ ರಜೆ

ಮನೆಯಿಂದ,
ಭಾನುವಾರ, 9 ನವೆಂಬರ್

ಪ್ರೀತಿಯ ಅತ್ತೆಯವರಿಗೆ,

ಕಣ್ಣು ಹೇಗಿದೆ? ಹನಿ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ "ಚೆನ್ನಾಗೇ ಕಾಣ್ತಿದೆಯಲ್ಲ, ಇನ್ನೇನು" ಎಂದು ಸೀಸೆಯನ್ನು ಫ್ರಿಜ್ಜಿನ ಬಾಗಿಲಲ್ಲೇ ಮರೆತಿದ್ದೀರಾ? ಬಗ್ಗಿ ನೆಲ ಒರೆಸಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ನಿಮ್ಮ ಮಗನಿಗೆ ಫೋನಿನಲ್ಲಿ ನೆನಪಿಸಿದೆ. "ಅಮ್ಮನಿಗೆ ಅದನ್ನ ಹೇಳೋ ಧೈರ್ಯ ಇದ್ರೆ ನೀವೇ ಹೇಳಿ ಭಾವ" ಎಂದು ನಕ್ಕ. ನನಗೂ ಇಲ್ಲ; ಅದಕ್ಕೇ ಬರೆಯುತ್ತಿದ್ದೇನೆ. ಸಕ್ಕರೆ ಏರದಂತೆ ನೋಡಿಕೊಳ್ಳಿ. ನಿಮ್ಮ ಮಗನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಕೈಗೆಟಕುವಂತೆ ಇರುತ್ತದೆ ಎಂದು ನಿಮ್ಮ ಮಗಳು ಇಲ್ಲಿ ಕೂತು ಚಿಂತಿಸುತ್ತಾಳೆ.

ಫೋನ್ ಮಾಡಿದರೆ ನೀವು "ಎಲ್ಲ ಚೆನ್ನಾಗಿದೀರಾ, ಊಟ ಆಯ್ತಾ, ಸರಿ ಇಡ್ತೀನಿ" ಎನ್ನುತ್ತೀರಿ. ನಾನು ಹೇಳಬೇಕಾದದ್ದು ಅಷ್ಟರಲ್ಲಿ ಹಿಡಿಸುವುದಿಲ್ಲ. ಒಂದು ಕಣ್ಣು ಹೊಸದಾಗಿರುವುದರಿಂದ ಅದಕ್ಕೂ ಸ್ವಲ್ಪ ಕೆಲಸವಿರಲಿ ಎಂದು ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ. ಹಿನ್ನೆಲೆ ಕೊಡದೆ ಸುದ್ದಿ ಬರೆದರೆ ನನಗೆ ಸಮಾಧಾನವಿಲ್ಲ. ಕಸುಬಿನ ದೋಷ, ಸಹಿಸಿಕೊಳ್ಳಿ.

ಮೊದಲು ಕ್ಷೇಮ ಸಮಾಚಾರ. ನಿಮ್ಮ ಮಗಳು ಆರೋಗ್ಯವಾಗಿದ್ದಾಳೆ. ಹಲ್ಲಿನ ಸೆಟ್ಟು ತಯಾರಿಸುವ ಅವಳ ಲ್ಯಾಬಿನಲ್ಲಿ ಈಗ ಕೈತುಂಬ ಕೆಲಸ. ಹೋದ ವಾರ ಯಾರಿಗೋ ಮಾಡಿದ ಸೆಟ್ಟು ಸರಿಯಾಗಿ ಕೂರಲಿಲ್ಲವೆಂದು ವಾಪಸು ಬಂತು. ಅದು ರಿಪೇರಿಯಾಗುವ ತನಕ ನಮ್ಮಿಬ್ಬರ ಮೇಲೆ ಹಲ್ಲು ಕಡಿಯುತ್ತಿದ್ದಳು. ನಾನು ಎಂದಿನಂತೆ ಸಂಜೆಹೊತ್ತು ಪತ್ರಿಕೆಯ ಪುಟಗಳನ್ನು ಮನೆಯಿಂದಲೇ ತಿದ್ದಿ ಕಳಿಸುತ್ತಿದ್ದೇನೆ. ಬೀದಿಯಲ್ಲಿ ನೀರಿನ ಪೈಪಿಗಾಗಿ ತೋಡಿದ್ದ ಕಾಲುವೆಯನ್ನು ಪೂರಾ ಮುಚ್ಚಿದ್ದಾರೆ. ನಮ್ಮ ಗೇಟಿನ ಎದುರು ಮಾತ್ರ ಮಣ್ಣು ಕುಸಿದು ತಗ್ಗಾಗಿದೆ. ಆ ತಗ್ಗಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಕಾಗದದ ಮುಖ್ಯ ಸುದ್ದಿಯೇ ಅದು.

ನಮ್ಮ ಮಗಳಿಗೆ ಯಾಕಮ್ಮ ಎಂದು ಹೆಸರಿಟ್ಟವರು ನೀವು. ಮಾತು ಕಲಿತ ದಿನದಿಂದ ಅವಳ ಬಾಯಲ್ಲಿ "ಯಾಕೆ" ಬಿಟ್ಟರೆ ಬೇರೆ ಮಾತಿರಲಿಲ್ಲ. ಶಾಲೆಗೆ ಸೇರಿಸಿದೆವು. ಅಲ್ಲಿನ ಟೀಚರು ಕೆಟ್ಟವರಲ್ಲ, ಆದರೆ ತರಗತಿ ತುಂಬ ಮಕ್ಕಳು. "ಮೊದಲು ಬರ್ಕೋ, ಆಮೇಲೆ ಕೇಳು" ಎನ್ನುತ್ತಿದ್ದರು. ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಅವಳನ್ನು ಬಿಡಿಸಿ, ಹಗಲು ಹೊತ್ತು ಮನೆಯಲ್ಲೇ ಇರುವ ನಾನು ಪಾಠ ಹೇಳುತ್ತೇನೆ ಎಂದು ಒಪ್ಪಿಕೊಂಡೆ. "ಮಗುವಿನ ಪ್ರಶ್ನೆ ಸಾಯಬಾರದು" ಎಂದು ಆಗ ನಾನು ನಿಮ್ಮ ಮುಂದೆ ಭಾಷಣ ಮಾಡಿದ್ದು ನಿಮಗೆ ನೆನಪಿರಬೇಕು. ನೀವು ಸೊಪ್ಪು ಬಿಡಿಸುತ್ತ "ಹೂಂ" ಎಂದಷ್ಟೇ ಹೇಳಿದಿರಿ.

ಮೊದಲ ವರ್ಷ ಹಬ್ಬದಂತಿತ್ತು. ಆಮೇಲೆ ನನ್ನಲ್ಲಿದ್ದ ಪತ್ರಿಕೆಯವನು ಎದ್ದು ಕೂತ. ಹಾಲಿನ ಗೋಡೆಗೆ ಬಿಳಿ ಬೋರ್ಡು ಬಂತು, ಬೋರ್ಡಿನ ಮೇಲೆ ವೇಳಾಪಟ್ಟಿ ಬಂತು. ಅವಳ ಬಾಯಿಂದ ಬಿದ್ದ ಒಂದು ಪ್ರಶ್ನೆಯನ್ನೂ ನಾನು ವ್ಯರ್ಥವಾಗಲು ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಬಿಸಿನೀರು ಬಂದು ಆಮೇಲೆ ತಣ್ಣೀರು ಯಾಕೆ ಬರುತ್ತದೆ ಎಂದು ಕೇಳಿದಳು. ಶಾಖದ ಪಾಠ, ಪೈಪಿನ ಚಿತ್ರ, ಕೊನೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು. ಎದುರುಮನೆ ಬೆಕ್ಕು ಗೋಡೆಯಿಂದ ಬಿದ್ದರೂ ಕಾಲೂರಿ ನಿಲ್ಲುವುದು ಹೇಗೆ ಎಂದಳು. ಒಂದು ವಾರ ಪೂರ್ತಿ ಬೆಕ್ಕು. ಬೆಳಗಿನ ಪತ್ರಿಕೆಯನ್ನು ನಾನು ಕತ್ತರಿ ಹಿಡಿದೇ ಓದತೊಡಗಿದೆ. ಇದು ಭೂಗೋಳಕ್ಕೆ, ಇದು ಲೆಕ್ಕಕ್ಕೆ ಎಂದು ಕತ್ತರಿಸಿ ತೆಗೆಯುತ್ತಿದ್ದೆ. ಒಂದು ಸುದ್ದಿಯನ್ನು ಸುದ್ದಿಗೋಸ್ಕರ ಓದಿದ್ದು ಯಾವಾಗ ಎಂದು ನನಗೇ ನೆನಪಿರಲಿಲ್ಲ. ಬೆಳಗ್ಗೆ ಪಾಠ, ಸಂಜೆ ಪುಟ, ನಡುವೆ ನಾಳೆಯ ತಯಾರಿ. ಹತ್ತು ವರ್ಷದ ಹುಡುಗಿ ಮೇಜಿಗೆ ಗಲ್ಲ ಊರಿ ಕೂರುತ್ತಿದ್ದಳು. ಹೇಳಿದ್ದನ್ನು ಮಾಡುತ್ತಿದ್ದಳು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಅದನ್ನು ಸೋಮಾರಿತನ ಎಂದುಕೊಂಡು ಸಿಡುಕುತ್ತಿದ್ದೆ. "ಇಬ್ಬರೂ ಸವೆದು ಹೋಗ್ತಿದೀರಿ ರೀ, ಬರೋ ವರ್ಷ ಶಾಲೆಗೆ ಹಾಕೋಣ" ಎಂದು ನಿಮ್ಮ ಮಗಳು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು. ನಾನು ಜಗಳಕ್ಕೆ ಸಿದ್ಧನಾಗಿ ಯಾಕಮ್ಮನ ಮುಖ ನೋಡಿದೆ. ಅವಳು ತಟ್ಟೆಯಿಂದ ತಲೆಯೆತ್ತದೆ, "ಎಲ್ಲಿಗಾದ್ರೂ ಹಾಕಿ. ನನಗೆ ಎರಡೂ ಒಂದೇ" ಎಂದಳು. ಅತ್ತೆ, ಅವಳು ಅತ್ತಿದ್ದರೆ, ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆ ಹೊತ್ತಿಗೆ ನೀವು ಕಣ್ಣಿನ ಪೊರೆ ತೆಗೆಸಲು ಬಂದಿರಿ. ಸಕ್ಕರೆ ಇಳಿಯದೆ ಆಪರೇಷನ್ ಇಲ್ಲ ಎಂದು ಡಾಕ್ಟರು ಮುಂದೂಡಿದ್ದು ನಿಮಗೆ ತೊಂದರೆಯಾಯಿತು, ನಮಗೆ ಭಾಗ್ಯವಾಯಿತು. ಎರಡೂ ಕಣ್ಣಿಗೆ ಮಂಜು ಕವಿದಂತಿದ್ದ ಆ ದಿನಗಳಲ್ಲಿ ನಿಮಗೆ ಬೇಕಾಗಿದ್ದದ್ದು ಎರಡೇ: ಬೆಳಗ್ಗೆ ಯಾರಾದರೂ ಪತ್ರಿಕೆ ಓದಿ ಹೇಳಬೇಕು, ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಬೇಕು. ಮೊದಲ ಬೆಳಗ್ಗೆ ನಾನು ಓದುತ್ತ ಓದುತ್ತ ಅಭ್ಯಾಸಬಲದಿಂದ ಕತ್ತರಿಸುತ್ತಲೂ ಹೋದೆ. ಹಾಳೆಯ ಹಿಂಬದಿಗೆ ಬಂದರೆ ನೀವು ಕೇಳಬೇಕೆಂದಿದ್ದ ಸುದ್ದಿಯ ಜಾಗದಲ್ಲಿ ಕಿಟಕಿ. ನೀವು ಹಾಳೆಯನ್ನು ಕೈಗೆ ತೆಗೆದುಕೊಂಡು ತೂತಿನೊಳಗೆ ಬೆರಳಾಡಿಸಿ, "ಇದೇನು ಅಳಿಯಂದಿರೇ, ಪತ್ರಿಕೆ ತರಿಸ್ತೀರೋ ಜರಡಿ ತರಿಸ್ತೀರೋ?" ಎಂದಿರಿ. ಯಾಕಮ್ಮ ಕಿಸಕ್ಕನೆ ನಕ್ಕಳು. ಆ ಸದ್ದು ಈ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ನಗುವ ಮೊದಲು ನನ್ನ ಮುಖವನ್ನೊಮ್ಮೆ ನೋಡಿದಳು ಎಂಬುದನ್ನೂ ಬರೆಯಬೇಕು.

ಸಂಜೆ ನಿಮ್ಮ ಕುರ್ಚಿಯ ಪಕ್ಕ ಮೆಟ್ಟಿಲ ಮೇಲೆ ಅವಳು. ಆಗಲೇ ಪೈಪಿನವರು ಬಂದು ಬೀದಿ ಅಗೆಯತೊಡಗಿದ್ದರು. "ಏನೇ ಅದು ಸದ್ದು? ಯಾರು ಬೈತಿರೋದು? ಯಂತ್ರದ ಬಣ್ಣ ಯಾವುದು?" ಎಂದು ನೀವು ಕೇಳುವಿರಿ, ಅವಳು ಹೇಳುವಳು. ಮೊದಲ ದಿನ ಒಂದೊಂದು ಮಾತಿನ ಉತ್ತರ. ಮೂರನೆಯ ದಿನದ ಹೊತ್ತಿಗೆ ಮೇಸ್ತ್ರಿ ಮೀಸೆ ತಿರುವುವುದು, ಯಂತ್ರದ ಡ್ರೈವರು ಕೂತಲ್ಲೇ ತೂಕಡಿಸುವುದು, ಹಳ್ಳದ ಬಾಯಲ್ಲಿ ಕೂತ ನಾಯಿ ಎಲ್ಲವೂ ಬಂದವು. ಕಿಟಕಿಯ ಈಚೆ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಆ ದಿನ ಅವಳು, "ಅಜ್ಜಿ, ಪೈಪನ್ನ ಅಷ್ಟು ಆಳಕ್ಕೆ ಯಾಕೆ ಹೂಳ್ತಾರೆ?" ಎಂದಳು. ಯಾಕೆ! ನನಗೆ ತಡೆಯಲಾಗಲಿಲ್ಲ. ಹೊರಗೆ ಹಾರಿ ಬಂದು, "ಒಳ್ಳೆ ಪ್ರಶ್ನೆ! ಬಾ, ಊರಿಗೆ ನೀರು ಹೇಗೆ ಬರುತ್ತೆ ಅಂತ ಒಂದು ಚಾರ್ಟ್ ಮಾಡೋಣ" ಎಂದೆ. ಅವಳು ಎದ್ದು, ಬಟ್ಟೆ ಕೊಡವಿಕೊಂಡು, ಒಳಗೆ ಹೋಗಿ ಬೋರ್ಡಿನ ಮುಂದೆ ಕೂತಳು. ಕಚೇರಿಗೆ ಹೊರಟವರ ಹಾಗೆ.

ನೀವು ಆಗ ಹೇಳಿದ್ದನ್ನು ನಾನು ತಿದ್ದದೆ ಇಲ್ಲಿ ಕೊಡುತ್ತೇನೆ. "ಅಳಿಯಂದಿರೇ, ತಪ್ಪು ತಿಳ್ಕೋಬೇಡಿ. ಅವಳು ಒಂದು ಮಾತು ಕೇಳಿದ್ರೆ ನೀವು ಹತ್ತು ಕೆಲಸ ಕೊಡ್ತೀರಿ. ಕೇಳಿದ್ದಕ್ಕೆ ದಂಡ ಹಾಕಿದ್ರೆ ಯಾರು ಕೇಳ್ತಾರೆ ಹೇಳಿ? ನಾನಂತೂ ಕೇಳಲ್ಲಪ್ಪ." ಶಾಲೆಯಲ್ಲಿ ಉತ್ತರ ಸಿಗದೆ ಕುಗ್ಗಿದ್ದ ಪ್ರಶ್ನೆಗಳ ಕತ್ತನ್ನು ನಾನು ಮನೆಯಲ್ಲಿ ಉತ್ತರ ಹೇರಿ ಹಿಸುಕಿದ್ದೆ. ಎರಡು ವರ್ಷ ದಿನವಿಡೀ ಅವಳ ಎದುರಿಗೆ ಕೂತಿದ್ದ ನನಗೆ ಕಾಣದಿದ್ದದ್ದು, ಕಣ್ಣು ಮಂಜಾಗಿದ್ದ ನಿಮಗೆ ಕಂಡಿತ್ತು. ನನ್ನ ಮುಖ ಸಪ್ಪಗಾಯಿತು, ನೀವು ಅದನ್ನೂ ಹೇಗೋ ಕಂಡುಕೊಂಡು, "ನೀವೂ ದಣಿದಿದೀರಿ. ನನ್ನ ಜೊತೆ ನಿಮಗೂ ಅವಳಿಗೂ ವಿಶ್ರಾಂತಿ ಅಂತ ಡಾಕ್ಟರು ಹೇಳಿದ್ರು ಅಂದ್ಕೊಳ್ಳಿ. ನಾನು ಇರೋವರೆಗೂ ಪಾಠ ಬಂದ್" ಎಂದಿರಿ. ಡಾಕ್ಟರು ಹಾಗೇನೂ ಹೇಳಿರಲಿಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ. ನನ್ನ ವೃತ್ತಿಜೀವನದಲ್ಲಿ ಗೊತ್ತಿದ್ದೂ ಬಿಟ್ಟ ತಪ್ಪು ಅದೊಂದೇ.

ಆ ರಜೆ ನನಗೆ ಸುಲಭವಾಗಿರಲಿಲ್ಲ. ಅವಳು ಏಳುವುದು ತಡವಾಯಿತು. ನೆಲದ ಮೇಲೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದಳು. "ಬೇಜಾರು" ಎಂದು ಬಂದರೆ ನೀವು "ಆಗ್ಲಿ ಬಿಡು" ಎನ್ನುತ್ತಿದ್ದಿರಿ. ನನ್ನ ಕೈ ತುರಿಸುತ್ತಿತ್ತು. ವರ್ಷ ಕೊಚ್ಚಿಹೋಗುತ್ತಿದೆ, ಪರೀಕ್ಷೆಗೆ ಕೂರಿಸುವುದು ಹೇಗೆ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿದರೆ ನಿಮ್ಮ ಮಗಳು, "ಅಮ್ಮನ ಹತ್ರ ಹೋಗಿ ಹೇಳಿ ನೋಡೋಣ" ಎಂದು ಹುರಿದುಂಬಿಸುತ್ತಿದ್ದಳು. ಹೋಗಲಿಲ್ಲ. ಬದಲಿಗೆ ಬೆಳಗ್ಗೆ ನಿಮಗೆ ಪತ್ರಿಕೆ ಓದಿದೆ, ಕತ್ತರಿಯಿಲ್ಲದೆ, ಮೊದಲಿನಿಂದ ಕೊನೆಯವರೆಗೆ, ಕಾಣೆಯಾದವರ ಜಾಹೀರಾತು ಸಹಿತ. ಒಂದು ದಿನ ಓದಿ ಮುಗಿಸಿದಾಗ ನನ್ನ ಕಾಫಿ ಆರಿಹೋಗಿತ್ತು. ಓದಿನಲ್ಲಿ ಮುಳುಗಿ ಕಾಫಿ ಆರಿಸಿಕೊಳ್ಳುವುದು ನನ್ನ ಹಳೆಯ ಚಾಳಿ; ಅದು ವಾಪಸು ಬಂದದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತು ಎಂದು ನಿಮಗೆ ಆಗ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಒಂದು ಕಣ್ಣಿನ ಆಪರೇಷನ್ ಮುಗಿಸಿಕೊಂಡು ನೀವು ಹೋದ ಮೇಲೂ ನಾನು ಬೋರ್ಡಿನ ಮೇಲೆ ಏನೂ ಬರೆದಿಲ್ಲ. ಹೋದ ವಾರ ಜೋರು ಮಳೆ ಬಂತು. ಪೈಪಿನವರು ಮುಚ್ಚಿ ಹೋದಾಗ ಗೇಟಿನ ಎದುರು ಮಣ್ಣು ಮಿಕ್ಕು ದಿಬ್ಬವಾಗಿತ್ತಲ್ಲ, ನೀವು ಎಡವಿ ಮೇಸ್ತ್ರಿಯನ್ನು ಕರೆದು ಬೈದಿರಲ್ಲ, ಅದೇ ಜಾಗ ಮಳೆ ನಿಂತ ಮೇಲೆ ತಗ್ಗಾಗಿ ನೀರು ತುಂಬಿಕೊಂಡಿತ್ತು. ಯಾಕಮ್ಮ ಬಹಳ ಹೊತ್ತು ಅಲ್ಲಿ ನಿಂತಿದ್ದಳು. ಒಳಗೆ ಬಂದು ನನ್ನ ಮೇಜಿನ ಪಕ್ಕ ನಿಂತು, "ಅಪ್ಪ, ಅವತ್ತು ಮಣ್ಣು ಮಿಕ್ಕಿತ್ತು. ಇವತ್ತು ಸಾಲದು. ಅಷ್ಟು ಮಣ್ಣು ಎಲ್ಲಿ ಹೋಯ್ತು?" ಎಂದಳು. ನನ್ನ ಕೈ ತಾನಾಗಿ ಬೋರ್ಡಿನ ಪೆನ್ನಿನ ಕಡೆ ಹೊರಟಿತು. ನಿಮ್ಮ ದಂಡದ ಮಾತು ನೆನಪಾಗಿ ಆ ಕೈಯಲ್ಲಿ ತಲೆ ಕೆರೆದುಕೊಂಡೆ. "ನಂಗೂ ಸರಿಯಾಗಿ ಗೊತ್ತಿಲ್ಲ ಕಣೆ" ಎಂದೆ. ಅದು ನಿಜವೂ ಆಗಿತ್ತು. ಅವಳು ಹೋಗಲಿಲ್ಲ, ಉತ್ತರದ ಬೆನ್ನಿಗೆ ಬರಬೇಕಾದ ಕೆಲಸಕ್ಕೆ ಕಾದು ನಿಂತಿದ್ದಳು. ಏನೂ ಬರಲಿಲ್ಲ. ಇನ್ನೊಂದು ಸಲ ನನ್ನ ಮುಖ ನೋಡಿ ಹೊರಗೆ ಹೋದಳು.

ಸಂಜೆ ನಿಮ್ಮ ಮಗಳು ಕೆಲಸದಿಂದ ಬಂದಾಗ ಮೆಟ್ಟಿಲೆಲ್ಲ ಕೆಸರು. ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸಲು ಅವಳು ಮನೆಯಲ್ಲಿಟ್ಟಿದ್ದ ರಬ್ಬರ್ ಬಟ್ಟಲಿನ ತುಂಬ ಮಣ್ಣು. ಅವಳ ಹೂವಿನ ಕುಂಡದಲ್ಲಿ ಚಮಚದಿಂದ ಗುಳಿ ತೋಡಿ, ಅದೇ ಮಣ್ಣು ವಾಪಸು ತುಂಬಿ, ಮಿಕ್ಕಿದ್ದನ್ನು ಗೋಪುರ ಮಾಡಿ, ಮೇಲೆ ನೀರು ಹೊಯ್ದು ಯಾಕಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. "ಅಪ್ಪ, ಇಳೀತಿದೆ! ನೋಡು, ಗುಳ್ಳೆ! ಒಳಗೆ ಗಾಳಿ ಇತ್ತು!" ಎಂದು ಕೂಗಿದಳು. ನಿಮ್ಮ ಮಗಳು ಬ್ಯಾಗನ್ನೂ ಇಳಿಸದೆ ಸೊಂಟಕ್ಕೆ ಕೈಕೊಟ್ಟು, "ಏನಿದು, ಪಾಠಾನಾ?" ಎಂದು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಯಾಕಮ್ಮ, "ಅಲ್ಲಮ್ಮ, ಸುಮ್ನೆ" ಎಂದಳು. ಇಷ್ಟು ಒಳ್ಳೆಯ ಸುದ್ದಿ ನಾನು ಇಷ್ಟು ವರ್ಷ ತಿದ್ದಿದ ಯಾವ ಪುಟದಲ್ಲೂ ಓದಿಲ್ಲ. ಬಟ್ಟಲು ತೊಳೆದವನು ನಾನು.

ಶಾಲೆಯ ಮಾತು ಮತ್ತೆ ಬಂತು. ಈ ಸಲ ಅವಳು ಎರಡೂ ಒಂದೇ ಎನ್ನಲಿಲ್ಲ. "ಅಲ್ಲಿ ಕಿಟಕಿ ಬೀದಿ ಕಡೆಗಿದೆಯಾ? ಊಟದ ಹೊತ್ತಲ್ಲಿ ಹೊರಗೆ ಬಿಡ್ತಾರಾ?" ಎಂದು ಕೇಳಿದಳು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಒಂದು ಚಿಕ್ಕ ಶಾಲೆಯಿದೆ, ನಾಳೆ ಮೂವರೂ ಹೋಗಿ ನೋಡಿ ಬರುತ್ತೇವೆ. ಅವಳಿಗೆ ಹಿಡಿಸಿದರೆ ಸೇರುತ್ತಾಳೆ, ಇಲ್ಲವಾದರೆ ಮನೆಯಿದ್ದೇ ಇದೆ. ಯಾವುದಾದರೂ ನನಗೆ ಈಗ ಭಯವಿಲ್ಲ. ಮಗಳನ್ನು ನನಗೆ ವಾಪಸು ಕೊಟ್ಟು ಹೋಗಿದ್ದೀರಿ, ಜೊತೆಗೆ ನನ್ನ ಬೆಳಗಿನ ಪತ್ರಿಕೆಯನ್ನೂ. ಇದನ್ನು ಎದುರಿಗೆ ನಿಂತು ಹೇಳಿದ್ದರೆ ನೀವು "ಸಾಕು ಸುಮ್ನಿರಿ" ಎಂದು ಒಳಗೆ ಹೋಗಿಬಿಡುತ್ತಿದ್ದಿರಿ. ಕಾಗದದ ಅನುಕೂಲ ಅದೇ, ನೀವು ಪೂರ್ತಿ ಓದಲೇಬೇಕು.

ನಿಮ್ಮ ಮಗನನ್ನು ಕೇಳಿದೆನೆಂದು ತಿಳಿಸಿ. ಬಿಸ್ಕತ್ತಿನ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಲು ಹೇಳಿ. ನಿಮಗೆ ನಮ್ಮ ಮೂವರ ನಮಸ್ಕಾರ.

ನಿಮ್ಮ ಋಣದಲ್ಲಿರುವ,
ಅಳಿಯ

ತಾಜಾ ಕಲಂ: ಲಕೋಟೆ ಅಂಟಿಸುವಾಗ ಯಾಕಮ್ಮ ತಡೆದಳು. ಆಪರೇಷನ್ನಿಗೆ ಮುಂಚೆ ಸಂಜೆ ನಿಮಗೆ ಬೀದಿಯ ಸುದ್ದಿ ಹೇಳುವಾಗ ಅವಳು ಒಂದೆರಡು ಸುಳ್ಳು ಸೇರಿಸಿದ್ದಳಂತೆ, ಸುಮ್ಮನೆ. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ನೀವು ಗೇಟಿನ ಹತ್ತಿರ ನಿಂತು ಎಲ್ಲವನ್ನೂ ನೋಡಿ, ನಕ್ಕು, ಏನೂ ಹೇಳದೆ ಒಳಗೆ ಬಂದಿರಿ. ಯಾವುದು ಸುಳ್ಳೆಂದು ಅಜ್ಜಿಗೆ ಗೊತ್ತಾಯಿತೇ, ಗೊತ್ತಾದರೂ ಬೈಯಲಿಲ್ಲ ಯಾಕೆ ಎಂಬುದು ಅವಳ ಪ್ರಶ್ನೆ. ಉತ್ತರ ಅವಳಿಗೇ ಬರೆಯಿರಿ, ನಾನು ಓದುವುದಿಲ್ಲ. ಇನ್ನೊಂದು ಮಾತು. ಎರಡನೇ ಕಣ್ಣಿಗೆ ಆಪರೇಷನ್ ಬೇಡ, ಒಂದೇ ಸಾಕು ಎಂದಿರಂತೆ. ದಯವಿಟ್ಟು ಬನ್ನಿ, ಇಲ್ಲೇ ಮಾಡಿಸೋಣ. ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳಲು ಇಲ್ಲೊಬ್ಬಳು ಫೋನು ಹಿಡಿದು ನಿಂತಿದ್ದಾಳೆ.